ಫ್ರಿಜ್ಜಿನೊಳಗಿನ ಕೋಳಿ

ಒಂದೂರು. ಆ ಊರಿಗೊಬ್ಬ ಸಾಹುಕಾರ. ದಾನಶೂರನೆಂದು ಅವನಿಗೆ ಹೆಸರು. ಆ ಹೆಸರನ್ನು ಹೆಚ್ಚಾಗಿ ಹೇಳುತ್ತಿದ್ದವನೂ ಅವನೇ. ದೀಪಾವಳಿಗೆ ಮನೆಗೆಲಸದ ಹುಲಿಗೆಮ್ಮ ಒಂದು ಸೀರೆ ಕೇಳಿದಳು. ಅವನು ಕೆಟ್ಟು ನಿಂತ ಫ್ರಿಜ್ಜನ್ನು ಕೈಗಾಡಿಗೇರಿಸಿ ಕಳುಹಿಸಿದ. ಊರಿಗೆಲ್ಲ ಹೇಳಿಕೊಂಡ: “ಹುಲಿಗೆಮ್ಮಗ ಫ್ರಿಜ್ ಕೊಟ್ಟೀನಿ. ಹೊಸಾದ್ರಂಗ ಓಡತೈತಿ!”

ನೋಡಿ, ಓಡಿದ್ದು ಕೈಗಾಡಿ ಮಾತ್ರ.

ಇಷ್ಟರಲ್ಲಿ ಮೇಲಿನಿಂದ ನಿಯಮ ಬಂತು: ಫ್ರಿಜ್ ಇರುವವರು ಬಡವರಲ್ಲ, ಅಂಥವರ ರೇಷನ್ ಕಾರ್ಡ್ ರದ್ದು. ತಪಾಸಣೆಯ ಗುಮಾಸ್ತನೊಡನೆ ಊರ ಸಮಿತಿಯ ಅಧ್ಯಕ್ಷನಾಗಿ ಹೊರಟವನು ಯಾರು? ನಮ್ಮ ಸಾಹುಕಾರನೇ. ನಿಯಮ ಬಿಗಿಯಾಗಿರಬೇಕೆಂಬುದು ಅವನ ದೃಢ ನಂಬಿಕೆ. ಹುಲಿಗೆಮ್ಮನ ಗುಡಿಸಲಿನ ಮುಂದೆ ಆ ನಂಬಿಕೆ ಬೆವರಿತು.

“ಫ್ರಿಜ್ ಐತಿ. ಕಾರ್ಡ್ ರದ್ದು,” ಎಂದ ಗುಮಾಸ್ತ.

“ಯಪ್ಪಾ, ನನ್ನ ಕೂಸುಗಳು ಏನ್ ತಿನ್ನಬೇಕ್ರೀ? ಒಳಗ ಏನೈತಿ ನೋಡ್ರಿ ಮೊದ್ಲ!”

ಮುಚ್ಚಿಕೊಳ್ಳದಂತೆ ಇಟ್ಟಿಗೆ ಕೊಟ್ಟು ಓರೆ ಮಾಡಿದ್ದ ಫ್ರಿಜ್ಜಿನ ಬಾಗಿಲನ್ನು ಹುಲಿಗೆಮ್ಮ ಪೂರ್ತಿ ತೆರೆದಳು. ಮೇಲೆ ಮಕ್ಕಳ ಪಾಠಪುಸ್ತಕ, ನಡುವೆ ಶಾಲೆಯ ಅಂಗಿ-ಲಂಗ, ಕೆಳಗೆ ತರಕಾರಿ ಇಡುವ ಜಾಗದಲ್ಲಿ ಕಾವಿಗೆ ಕುಳಿತ ಕೋಳಿ.

“ಮನಿಗೆ ಕರೆಂಟ ಇಲ್ರಿ!”

“ಇವತ್ತಿಲ್ಲ, ನಾಳೆ ಬಂದೀತು. ಕೆಟ್ಟದ್ದಾದ್ರ ಗುಜರಿ, ಗುಜರಿಗೆ ನಿಯಮ ಇಲ್ಲ. ಆದ್ರ ಓಡತೈತಂತ ಅಧ್ಯಕ್ಷರ ಊರಿಗೆಲ್ಲ ಸಾರ್‍ಯಾರಲ್ಲವ್ವಾ?”

“ಸಾವ್ಕಾರ್ರ, ನೀವ ಹೇಳ್ರಿ. ಇದು ಓಡತೈತೇನು?”

ಓಡುತ್ತದೆ ಎಂದರೆ ಮಕ್ಕಳ ಅನ್ನ ಹೋಗುತ್ತದೆ. ಓಡುವುದಿಲ್ಲ ಎಂದರೆ ತನ್ನ ಹೆಸರು ಹೋಗುತ್ತದೆ. ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಕೋಳಿಯೂ ಅವನನ್ನೇ ದಿಟ್ಟಿಸುತ್ತಿತ್ತು.

“ಅದು... ನಂದ ಐತಿ. ಸುಮ್ನ ಇಡಾಕ ಕೊಟ್ಟಿದ್ದೆ.”

“ಹಂಗಾರ ಒಯ್ರಿ,” ಎಂದ ಗುಮಾಸ್ತ.

ಹುಲಿಗೆಮ್ಮ ಪುಸ್ತಕ, ಬಟ್ಟೆ ತೆಗೆದುಕೊಂಡಳು. “ಕೋಳಿ ಎಬ್ಬಿಸಬ್ಯಾಡ್ರಿ. ಮರಿ ಆದಮ್ಯಾಲ ನಾನ ಬಂದು ಒಯ್ತೀನಿ.”

ಹಾಡಹಗಲು, ಅದೇ ಕೈಗಾಡಿಯಲ್ಲಿ, ದಾನ ಮನೆಗೆ ಮರಳಿತು. ಬಾಗಿಲಲ್ಲಿ ನಿಂತ ಮಡದಿ ಕೇಳಿದಳು: “ಇದೇನ್ರೀ, ಕೊಟ್ಟದ್ದು ಬಡ್ಡಿ ಸಮೇತ ಬಂತು?”

ನಗುತ್ತೀರಿ. ನಗಿ. ಕಾರ್ಡ್ ಉಳಿಯಿತು, ನಿಜ. ಆದರೆ ಆ ಮಕ್ಕಳ ಪುಸ್ತಕಗಳು? ಮತ್ತೆ ನೆಲಕ್ಕೆ ಬಂದವು. ‘ಕೆಟ್ಟದ್ದನ್ನು ಕೊಟ್ಟೆ’ ಎಂಬ ಒಂದೇ ಮಾತು ಆಡಿದ್ದರೆ ಕಾರ್ಡೂ ಉಳಿಯುತ್ತಿತ್ತು, ಪುಸ್ತಕಗಳ ಕಪಾಟೂ ಉಳಿಯುತ್ತಿತ್ತು.

ನಿಮ್ಮ ಅಟ್ಟದ ಮೇಲೆ ಏನಿದೆ ಬಂಧುಗಳೇ? ಈ ಹಬ್ಬಕ್ಕೆ ಅದನ್ನು ಯಾರ ಮನೆಗೆ ದಾಟಿಸಬೇಕೆಂದಿದ್ದೀರಿ? ಸೀರೆ ಕೇಳಿದವಳಿಗೆ ಸೀರೆ ಕೊಡಿ. ನಾಳೆ ಸಭೆಯಲ್ಲಿ ಕುಳಿತು ‘ಅವರಿಗೇನು ಕಡಿಮೆ, ಕಾರ್ಡ್ ತೆಗೆಯಿರಿ’ ಎನ್ನುವ ಮೊದಲು ಎದ್ದು ಹೋಗಿ, ಆ ಮನೆಯ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬನ್ನಿ. ಆಮೇಲೆ ಕೈ ಎತ್ತಿ.