ಪ್ಲಾಸ್ಟಿಕ್ ಬಿಚ್ಚದ ತೊಟ್ಟಿಲು

ಒಂದು ಊರಿನಲ್ಲಿ ಬಟ್ಟೆ ಹೊಲಿಸುವ ಕಾರ್ಖಾನೆಯ ಯಜಮಾನರೊಬ್ಬರಿದ್ದರು. ಹಣವೂ ಇತ್ತು, ಮನಸ್ಸೂ ಇತ್ತು. ಎರಡೂ ಒಂದೇ ಕಡೆ ಸಿಗುವುದು ಅಪರೂಪ, ಹೌದೋ ಅಲ್ಲವೋ? ನಗಬೇಡಿ, ಮುಂದಿನ ಸಾಲಿನವರನ್ನು ನೋಡಿ ಹೇಳಿದ್ದಲ್ಲ.

ಹೊಲಿಯುವ ಹೆಂಗಸರ ಮಕ್ಕಳಿಗೆಂದು ಅವರು ಕಾರ್ಖಾನೆಯೊಳಗೇ ಒಂದು ಕೂಸಿನ ಮನೆ ಕಟ್ಟಿಸಿದರು. ಬಣ್ಣದ ಗೋಡೆ, ತೊಟ್ಟಿಲು, ಮರದ ಕುದುರೆ, ನೋಡಿಕೊಳ್ಳಲು ಒಬ್ಬ ಆಯಾ, ಬಾಗಿಲ ಮೇಲೆ ದೊಡ್ಡ ಬೋರ್ಡು. ಆದರೆ ನೋಡಿ, ವರ್ಷ ಕಳೆದರೂ ಒಂದು ಕೂಸೂ ಬರಲಿಲ್ಲ. ಈ ಜನಕ್ಕೆ ಏನು ಮಾಡಿದರೂ ಅಷ್ಟೇ ಎಂದು ಯಜಮಾನರು ಬೇಸರಪಟ್ಟುಕೊಂಡರು.

ಆ ಕಾರ್ಖಾನೆಗೆ ಸುಕನ್ಯಾ ಎಂಬ ಹುಡುಗಿ ಹೊಸದಾಗಿ ಸೇರಿದಳು. ಬಿ.ಕಾಂ. ಮುಗಿಸಿದ್ದಳು, ಇದೇ ಮೊದಲ ಕೆಲಸ. ನೌಕರರ ಸೌಲಭ್ಯ ವಿಭಾಗ. ಪಿಎಫ್, ಆಸ್ಪತ್ರೆ ಕಾರ್ಡು, ಹೆರಿಗೆ ರಜೆ, ಯಾರಿಗೆ ಏನು ಬೇಕಾದರೂ ಅವಳ ಕಿಟಕಿಗೇ ಬರಬೇಕು. "ನನ್ ಕೆಲಸ ಏನ್ ಗೊತ್ತಾ? ಕೊಡೋದು ಕಣಮ್ಮ, ಬರೀ ಕೊಡೋದು" ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿ ಹಿಗ್ಗಿದ್ದಳು. ಆದರೆ ಮೊದಲ ದಿನ ಕಿಟಕಿಗೆ ಬಂದವಳು ಕೆಲಸ ಬಿಡಲು ಬಂದಿದ್ದಳು. ರಾಜಮಣಿ ಎಂದು ಹೆಸರು, ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ. ಪಿಎಫ್ ಲೆಕ್ಕ ಮುಗಿಸಿಕೊಡಿ ಅನ್ನುವಾಗ ಅವಳ ಕಣ್ಣು ತುಂಬಿತ್ತು.

ಯಾಕೆ ಬಿಡುತ್ತೀರಿ ಎಂದು ಕೇಳುವುದು ಸುಕನ್ಯಾಳ ಕೆಲಸವಾಗಿರಲಿಲ್ಲ. ಆದರೂ ಕೇಳಿದಳು.

"ಮಗೂನ ನೋಡ್ಕೊಳ್ತಿದ್ದ ನಮ್ಮತ್ತೆ ಕಾಲ್ ಮುರ್ಕೊಂಡವ್ರೆ ಮೇಡಂ. ಕೂಸ್ನ ಯಾರತ್ರ ಬಿಟ್ ಬರ್ಲಿ? ಮನೆ ನಡೀತಿರೋದೇ ನನ್ ಸಂಬಳ್ದಲ್ಲಿ."

"ಇಲ್ಲೇ ಕೂಸಿನ ಮನೆ ಇದೆಯಲ್ಲ!"

"ಅಯ್ಯೋ, ಅದು ನಮ್ಗಾ? ದೊಡ್ಡೋರು ಬಂದಾಗ ತೋರ್ಸೋ ರೂಮಲ್ವಾ ಅದು? ಇನ್ನೂ ಪ್ಲಾಸ್ಟಿಕ್ಕೇ ಬಿಚ್ಚಿಲ್ಲ!"

ಸುಕನ್ಯಾ ಹೋಗಿ ನೋಡಿದಳು. ನಿಜ. ಕೊಳೆಯಾದೀತೆಂದು ಮ್ಯಾನೇಜರ್ ತೊಟ್ಟಿಲ ಹೊದಿಕೆಯನ್ನೇ ತೆಗೆಸಿರಲಿಲ್ಲ. ಆಯಾ ದಿನವೂ ಧೂಳು ಹೊಡೆದು ಬಾಗಿಲು ಹಾಕುತ್ತಿದ್ದಳು. "ಬೇಕಾಗಿದ್ರೆ ಅವರೇ ಕೇಳ್ತಿದ್ರು ಬಿಡಮ್ಮ" ಎಂದರು ಮ್ಯಾನೇಜರ್. ಸುಕನ್ಯಾ ರಾಜಮಣಿಯ ಬಳಿಗೆ ಓಡಿ, "ನಾಳೆ ಮಗೂನ ಕರ್ಕೊಂಡ್ ಬನ್ನಿ. ಕೆಲಸ ಬಿಡೋ ಮಾತು ಆಮೇಲೆ" ಎಂದಳು.

ಮರುದಿನ ರಾಜಮಣಿಯ ಸೊಂಟದ ಮೇಲೆ ಕೂಸು ಬಂತು. ಸುಕನ್ಯಾ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದೇಬಿಟ್ಟಳು. ಕೂಸು ಕುದುರೆಯ ಕಿವಿ ಹಿಡಿದು ಕೇಕೆ ಹಾಕಿತು. ಆ ಕೇಕೆ ಕೇಳಿ ಯಾರು ಬಂದರು ಅಂದುಕೊಂಡಿರಿ? ಸಾಕ್ಷಾತ್ ಯಜಮಾನರು, ಬಿಳಿ ಪಂಚೆಯಲ್ಲಿ! ಹಿಂದೆ ಮ್ಯಾನೇಜರ್. ಮೊದಲ ಸಂಬಳಕ್ಕೂ ಮೊದಲೇ ಕೆಲಸ ಹೋಯಿತು ಅಂದುಕೊಂಡಳು ಸುಕನ್ಯಾ. ಕೂಸಿಗೇನು ಗೊತ್ತು? ಎತ್ತಿಕೋ ಎಂದು ಎರಡು ಕೈ ಚಾಚಿತು. ಯಜಮಾನರು ಎತ್ತಿಕೊಂಡರು. ಎತ್ತಿಕೊಂಡದ್ದೇ ತಡ, ಪಂಚೆ ಪೂರ್ತಿ ಒದ್ದೆ.

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ಯಜಮಾನರು ಪಂಚೆ ನೋಡಿಕೊಂಡರು, ಕೂಸನ್ನು ನೋಡಿದರು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಇವತ್ತಾಯ್ತು ನೋಡ್ರಪ್ಪ, ನಿಜವಾದ ಉದ್ಘಾಟನೆ!"

ಆಮೇಲೆ ರಾಜಮಣಿಯನ್ನು ಕೇಳಿದರು. "ಇಷ್ಟು ದಿನ ಯಾಕಮ್ಮ ಯಾರೂ ಬರ್ಲಿಲ್ಲ?"

"ನೀವು ಕರೀಲೇ ಇಲ್ವಲ್ಲ ಸಾರ್."

"ಬೋರ್ಡ್ ಹಾಕ್ಸಿದ್ನಲ್ಲಮ್ಮ!"

"ಬೋರ್ಡ್ ನೋಡ್ಕೊಂಡ್ ಯಾರಾದ್ರೂ ಮದ್ವೆಗ್ ಹೋಯ್ತಾರಾ ಸಾರ್? ಮನೆಗ್ ಬಂದು ಕುಂಕುಮ ಇಟ್ಟು ಕರೀಬೇಕು."

ಯಜಮಾನರು ಆಗ ಏನು ಮಾಡಿದರು ಗೊತ್ತೇ? ಒದ್ದೆ ಪಂಚೆಯಲ್ಲೇ ಹೊಲಿಗೆಯ ಸಾಲುಗಳ ನಡುವೆ ಹೊರಟರು. ಜೊತೆಗೆ ಸುಕನ್ಯಾ, ಅವಳ ಕೈಯಲ್ಲಿ ಕುಂಕುಮದ ಭರಣಿ, ಕುಂಕುಮ ಇಡದವರಿಗೆಂದು ಮಲ್ಲಿಗೆ. ಒಬ್ಬೊಬ್ಬರ ಮಿಷನ್ನಿನ ಮುಂದೆಯೂ ನಿಂತು, "ನಾಳೆ ನಿಮ್ಮ ಮಗೂನ ಕರ್ಕೊಂಡೇ ಬರ್ಬೇಕಮ್ಮ" ಎಂದು ಕರೆದರು. ಮಿಷನ್ನುಗಳು ನಿಂತವು, ನಗು ಶುರುವಾಯಿತು. ರಾಜಮಣಿ ತನ್ನ ಜಾಗಕ್ಕೆ ಹೋಗಿ ಕಾಲರ್ ಹೊಲಿಯತೊಡಗಿದಳು. ವಾರ ಕಳೆಯುವುದರೊಳಗೆ ತೊಟ್ಟಿಲು ಸಾಲದೆ ಸೀರೆ ಕಟ್ಟಿ ಜೋಲಿ ಮಾಡಿದರು. ಪಕ್ಕದ ಕೋಣೆಯ ಲೆಕ್ಕದವರು ಕಿವಿಗೆ ಹತ್ತಿ ಇಟ್ಟುಕೊಂಡರು.

ಈಗ ಕಥೆ ನಿಮ್ಮ ಮನೆಗೆ ಬರುತ್ತದೆ. ಏಳಬೇಡಿ, ಪ್ರಸಾದ ಇನ್ನೂ ಕೊಟ್ಟಿಲ್ಲ.

ಆ ಯಜಮಾನರು ಕೆಟ್ಟವರೇ? ಅಲ್ಲ. ನೀವು ಕೆಟ್ಟವರೇ? ಅಲ್ಲವೇ ಅಲ್ಲ. ಪಾತ್ರೆ ತೊಳೆಯುವವಳಿಗೆ "ಏನಾದ್ರೂ ಬೇಕಿದ್ರೆ ಕೇಳು" ಎಂದಿದ್ದೀರಿ. ಗಂಡನನ್ನು ಕಳೆದುಕೊಂಡ ತಂಗಿಗೆ "ಯಾವಾಗ ಬೇಕಾದ್ರೂ ಬಾ" ಎಂದಿದ್ದೀರಿ. ಅಷ್ಟು ಹೇಳಿ, ಕೊಟ್ಟಾಯಿತು ಅಂದುಕೊಂಡಿದ್ದೀರಿ. ಅದು ಬೋರ್ಡು ಸ್ವಾಮಿ, ಬೋರ್ಡು! ಕೇಳುವುದು ಎಷ್ಟು ಕಷ್ಟ ಎಂದು ಕೇಳಬೇಕಾದವರಿಗೇ ಗೊತ್ತು. ಬಾಯಿ ತೆರೆಯಲಾಗದೆ ಎಷ್ಟೋ ಜನ ಕಣ್ಣು ತುಂಬಿಕೊಂಡು ನಿಮ್ಮ ಬಾಗಿಲಿಂದ ಹಿಂತಿರುಗಿ ಹೋಗಿದ್ದಾರೆ.

ಆದ್ದರಿಂದ ಇಂದಿನಿಂದ "ಬೇಕಿದ್ರೆ ಕೇಳು" ಎಂಬ ಮಾತನ್ನು ಬಿಟ್ಟುಬಿಡಿ. ಪಾತ್ರೆ ತೊಳೆಯುವವಳನ್ನು ಕೂರಿಸಿ, "ಮಗಳ ಶಾಲೆಗೆ ಏನು ಬೇಕು?" ಎಂದು ನೀವೇ ಕೇಳಿ. ತಂಗಿಗೆ ಫೋನು ಮಾಡಿ. "ಬಾ" ಎನ್ನಬೇಡಿ. "ಭಾನುವಾರ ಬೆಳಿಗ್ಗೆ ನಾನೇ ಬಂದು ಕರ್ಕೊಂಡ್ ಹೋಗ್ತೀನಿ, ಒಳ್ಳೆ ಸೀರೆ ಉಟ್ಕೊಂಡಿರು" ಎನ್ನಿ. ಹಾಗೆಂದ ಮೇಲೆ ಹೋಗಿ. ನಿಜವಾಗಿಯೂ ಹೋಗಿ.