ಬಾಯ್ಲರ್‌ನ ಹೊಟ್ಟೆಯಡಿ

ರಾತ್ರಿ ಪಾಳಿ ಮುಗಿಸಿ ನನ್ನ ತಮ್ಮ ಕಾರ್ಖಾನೆಯ ಹಿಂದಿನ ಬಾವಿ ದಾಟುತ್ತಿದ್ದ. ಪರ... ಪರ... ಯಾರೋ ಕೈ ಉಜ್ಜಿ ತೊಳೆಯುವ ಸದ್ದು. ತಿರುಗಿ ನೋಡಿದ. ಬಾವಿಕಟ್ಟೆಯ ಮೇಲೆ, ಬಾಯ್ಲರ್ ಪರೀಕ್ಷೆಗೆ ಬಂದಿದ್ದ ಇಂಜಿನಿಯರ್ ಕೂತಿದ್ದ.

ಆ ಇಂಜಿನಿಯರ್ ಸತ್ತು ಆಗಲೇ ಎಷ್ಟೋ ದಿನವಾಗಿತ್ತು.

ನನ್ನ ತಮ್ಮ, ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬಾಯ್ಲರ್ ಅವನಿಗಿಂತ ಹಳೆಯದು. ಹೊಸ ಯಂತ್ರಗಳಿಗೆ ಹೆಚ್ಚು ಒತ್ತಡದ ಹಬೆ ಬೇಕಾಯಿತು. ಹೊಸ ಬಾಯ್ಲರ್ ಕೊಳ್ಳಲು ಕಾರ್ಖಾನೆಯ ಸಾಹುಕಾರನಿಗೆ ಮನಸ್ಸಿಲ್ಲ. ಹಳೆಯದೇ ತಡೆಯುತ್ತದೆ ಎಂದು ಬರೆದುಕೊಡಲು ಈ ಇಂಜಿನಿಯರನ್ನು ಕರೆಸಿದ. ಬಾಯ್ಲರ್‌ನ ಮೈ ಉಜ್ಜಿ, ಒಂದಿಷ್ಟು ಲೋಳೆ ಸವರಿ, ಮೇಲೆ ಅಳೆಯುವ ಯಂತ್ರದ ಮೂತಿ ಒತ್ತಿದರೆ ಉಕ್ಕು ಎಷ್ಟು ದಪ್ಪ ಉಳಿದಿದೆ ಎಂದು ಗೊತ್ತಾಗುತ್ತದೆ. ಆ ಮಹಾನುಭಾವ ಹೊಸದಾಗಿ ಎಲ್ಲೂ ಉಜ್ಜಲಿಲ್ಲ. ಪ್ರತಿವರ್ಷ ಅಳೆದು ಅಳೆದು ಹೊಳೆಯುತ್ತಿದ್ದ ಜಾಗಗಳಲ್ಲೇ ಒತ್ತಿದ. ಹೊಟ್ಟೆಯಡಿ, ಶಾಖ ಹೊರಹೋಗದಂತೆ, ಮುಟ್ಟಿದರೆ ಮೈ ತುರಿಸುವ ಗಾಜಿನ ಹತ್ತಿ ಸುತ್ತಿ, ತಗಡು ಹೊದಿಸಿದ್ದರು. ಬಿಚ್ಚಬೇಕೆಂದರೆ ಕೆಲಸ ನಿಲ್ಲಿಸಬೇಕು. ಬಿಚ್ಚಲಿಲ್ಲ. ಒತ್ತಡ ಏರಿಸಬಹುದು ಎಂದು ಸಹಿ ಹಾಕಿದ. ಆಮೇಲೆ ಎದೆನೋವು ಬಂದು ಹೋಗಿಬಿಟ್ಟ.

ಈಗ ಬಾವಿಕಟ್ಟೆಯ ಮೇಲೆ ಕೂತ ಅವನ ಮೊಣಕೈವರೆಗೂ ಗಾಜಿನ ಹತ್ತಿ ಮಿನುಗುತ್ತಿತ್ತು.

"ತುರಿಕೆ ಹೋಗ್ತಾ ಇಲ್ಲ ಕಣಪ್ಪ..."

"ಸಾರ್... ನೀವು..."

"ಕೆಳಗಡೆ ನೋಡಿರಲಿಲ್ಲ ನಾನು. ಈಗ ನೋಡ್ದೆ... ಹೋಗು, ಬೆಂಕಿ ಆರಿಸು."

ನನ್ನ ತಮ್ಮ ವಾಪಸ್ ಕಾರ್ಖಾನೆಗೆ ಓಡಿದ. ಮುಂದಿನ ಪಾಳಿಯವನನ್ನು ಪಕ್ಕಕ್ಕೆ ತಳ್ಳಿ ಬೆಂಕಿ ಆರಿಸಿದ. ಹಬೆ ಬಿಟ್ಟ. ಉಸ್ಸ್ಸ್... ಬೀದಿಯೆಲ್ಲ ಎದ್ದು ಕೂತಿತು.

ಬೆಳಗ್ಗೆ ನಾನೂ ಹೋದೆ. ಸಾಹುಕಾರನ ಜೊತೆ ಜಗಳಕ್ಕೇ ಹೋದೆ.

"ನೋಡಮ್ಮ, ನಿನ್ನ ತಮ್ಮನ ಹತ್ರ ಸತ್ತವರು ಮಾತಾಡ್ತಾರಂತೆ," ಅಂದ ಸಾಹುಕಾರ.

"ನಿಮ್ಮ ಹತ್ರ ಬದುಕಿರೋರೇ ಮಾತಾಡಲ್ಲ. ಬಿಚ್ಚಿಸ್ರೀ ಆ ತಗಡನ್ನ."

ತಮ್ಮನ ಹುಚ್ಚು ನಾಲ್ಕು ಜನರ ಮುಂದೆ ಬಯಲಾಗಲಿ ಎಂದೇ ಬಿಚ್ಚಿಸಿದ. ತಗಡಿನ ತಿರುಪುಗಳು ತುಕ್ಕು ತಿಂದು ಕಚ್ಚಿಕೊಂಡಿದ್ದವು, ಉಳಿಯಿಂದ ಕಡಿಯಬೇಕಾಯಿತು. ಕಟ್... ಕಟ್... ಒದ್ದೆ ಹತ್ತಿ ಧೊಪ್ಪನೆ ಬಿತ್ತು. ಮುಟ್ಟಿದಲ್ಲೆಲ್ಲ ಉಕ್ಕು ಪದರ ಪದರವಾಗಿ ಉದುರಿತು. ಇನ್ನೊಂದು ರಾತ್ರಿ ಓಡಿದ್ದರೆ ನನ್ನ ತಮ್ಮನ ಚೂರೂ ಸಿಗುತ್ತಿರಲಿಲ್ಲ.

ಸಾಹುಕಾರ ಏನು ಮಾಡಿದ ಗೊತ್ತೆ? ತೇಪೆ ಹಾಕಿಸಿ, ಬಣ್ಣ ಬಳಿಸಿ, ಸತ್ತವನ ಸಹಿಯ ಸಮೇತ ಅದನ್ನು ಇನ್ಯಾವುದೋ ಊರಿಗೆ ಮಾರಿದ. ಕೇಳದೆ ಬೆಂಕಿ ಆರಿಸಿದ ಎಂದು ತಮ್ಮನನ್ನು ಕೆಲಸದಿಂದ ತೆಗೆದ. ಈಗ ಅವನು ನನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾನೆ. ಜೀವ ಉಳಿಯಿತಲ್ಲ, ಅಷ್ಟು ಸಾಕು ಅನ್ನುತ್ತಾರೆ ಜನ. ಅವರ ತಮ್ಮ ಅಲ್ಲವಲ್ಲ.

ದೆವ್ವಗಿವ್ವ ಎಂದರೆ ನಗುವವಳು ನಾನು. ಆದರೆ ಆ ದಿನ ಅಲ್ಲಿದ್ದೆ. ವರ್ಷಗಟ್ಟಲೆ ಯಾರೂ ಬಿಚ್ಚದ ಹೊದಿಕೆಯ ಒಳಗೆ, ಆ ತುಕ್ಕಿನ ನಡುವೆ, ನಾಣ್ಯದಷ್ಟು ಅಗಲ ಉಜ್ಜಿದ ಜಾಗ ಹೊಳೆಯುತ್ತಿತ್ತು. ಅದರ ಮೇಲೆ ಲೋಳೆ ಸವರಿತ್ತು.

ನಾನೇ ಬೆರಳಿಟ್ಟು ನೋಡಿದೆ... ಇನ್ನೂ ಹಸಿಯಾಗಿತ್ತು.