‘ಅಮ್ಮಂಗೆ ಸ್ವಲ್ಪ ಹುಷಾರಿಲ್ಲ’ ಎಂಬ ಪ್ರಸಾರದ ಬಗ್ಗೆ

ಜುಮಾಕದಿರ್ ತೊಲೊಬಾಯೆವ್, ವಯಸ್ಸು 47 ವರ್ಷ, ಕ್ಲಬ್ಬಿನಲ್ಲಿ ಸಿನಿಮಾ ಯಂತ್ರ ನಡೆಸುವ ಕೆಲಸ, ವಾಸ ಮನೆ ನಂ. 9, ಕಾಲುವೆ ಬೀದಿ, ಕೊಕ್-ಜಾರ್ ಹಳ್ಳಿ, ನರಿನ್ ಪ್ರಾಂತ, ಕಿರ್ಗಿಜಿಯಾ. ನಾನಾಗಿಯೇ ಠಾಣೆಗೆ ಬಂದು ಬರೆಸುವುದು ಏನೆಂದರೆ,

ತಾಯಿ ಬುರುಲ್, 74 ವರ್ಷ, ನನ್ನ ಜೊತೆ ಇದ್ದಾರೆ. ತಮ್ಮ ಎಸೆನ್ಕುಲ್, 39 ವರ್ಷ, ಕುರಿ ಕಾಯುವವನು. ಬೇಸಿಗೆಯಲ್ಲಿ ಹೆಂಡತಿ ಸಾಯ್ರಾಳೊಂದಿಗೆ ಹೊಳೆಯಾಚೆ 14 ಕಿ.ಮೀ. ದೂರದ ಹುಲ್ಲುಗಾವಲಿನಲ್ಲಿ ಡೇರೆ ಹಾಕುತ್ತಾನೆ. ಹಾಕುತ್ತಿದ್ದನು ಎಂದು ತಿದ್ದಿಕೊಳ್ಳಬೇಕು.

ಕಳೆದ ಮೇ ತಿಂಗಳಲ್ಲಿ ಒಂದು ಸಣ್ಣ ರೇಡಿಯೊ ಪ್ರಸಾರ ಯಂತ್ರ ಕಟ್ಟಿದೆ. ಪರವಾನಗಿ ಇಲ್ಲ. ಕೆಟ್ಟುಹೋದ ರೇಡಿಯೊದಿಂದ ತೆಗೆದ ಒಂದು ವಾಲ್ವ್, ರಟ್ಟಿನ ಕೊಳವೆಗೆ ಸುತ್ತಿದ ತಾಮ್ರದ ತಂತಿ, ಹೊಗೆಗೂಡಿನಿಂದ ಪಾಪ್ಲರ್ ಮರದವರೆಗೆ 32 ಮೀಟರ್ ಏರಿಯಲ್, ಇಷ್ಟೇ. ಇಂಥದ್ದನ್ನು ನಮ್ಮ ಕಡೆ ಶರ್ಮಾಂಕಾ ಎನ್ನುತ್ತಾರೆ, ಅಂದರೆ ಬೀದಿಯಲ್ಲಿ ಹಿಡಿ ತಿರುಗಿಸಿ ಹಾಡಿಸುವ ಪೆಟ್ಟಿಗೆ. ಎಲ್ಲರೂ ಅದರಲ್ಲಿ ಹಾಡು ಹಾಕುವುದೇ ಹೆಚ್ಚು. ನನಗೆ ಯಾರೂ ಕಲಿಸಿಲ್ಲ. ಎರಡು ಸಲ ಫ್ಯೂಸ್ ಹೋಯಿತು, ಒಂದು ಸಲ ಬೆರಳು ಸುಟ್ಟಿತು.

ತಮ್ಮನ ಬಳಿ ಕೇಳುವ ರೇಡಿಯೊ ಮಾತ್ರ ಇತ್ತು. ಎರಡನೇ ವಾಲ್ವ್ ಎಲ್ಲಿಯೂ ಸಿಗಲಿಲ್ಲ. ಅವನು ನಗುತ್ತ, “ಅಂತೂ ನನ್ನ ಬಾಯಿ ಮುಚ್ಚಿಸಿ ನೀನೊಬ್ನೇ ಮಾತಾಡೋಕೆ ಯಂತ್ರಾನೇ ಕಟ್ಬಿಟ್ಯಲ್ಲ ಅಣ್ಣ” ಎಂದಿದ್ದನು. ಮುಂದಿನ ಬೇಸಿಗೆಗೆ ಅವನಿಗೂ ಒಂದು ಕಟ್ಟಿಕೊಡುವುದಾಗಿ ಹೇಳಿದ್ದೆ.

ದಿನವೂ ಮಧ್ಯಾಹ್ನ 1 ಗಂಟೆಗೆ ಎರಡು ಹಾಡು ಹಾಕಿ, ಆಮೇಲೆ ಊರಿನ ಸುದ್ದಿ ಹೇಳುತ್ತಿದ್ದೆ.

14-8-1979ರಂದು ತಾಯಿಗೆ ನೆಗಡಿ, ಸಣ್ಣ ಜ್ವರ. 12.40ಕ್ಕೆ ಮಾತ್ರೆ ನುಂಗಿ ಪಕ್ಕದ ಕೋಣೆಯಲ್ಲಿ ಮಲಗಿದರು. ಎಚ್ಚರವಾಗಬಾರದೆಂದು ಆ ದಿನ ಹಾಡು ಹಾಕಲಿಲ್ಲ. ದನಿ ತಗ್ಗಿಸಿ, “ಎಸೆನ್, ಅಮ್ಮಂಗೆ ಸ್ವಲ್ಪ ಹುಷಾರಿಲ್ಲ ಕಣೋ. ಬಿಡುವಾದ್ರೆ ಬಂದುಹೋಗು” ಎಂದೆ. 1.03ಕ್ಕೆ ಯಂತ್ರ ಆರಿಸಿದೆ. ನಾನು ಹೇಳಿದ್ದು ನಿಜ. ಅವರಿಗೆ ಸ್ವಲ್ಪವೇ ಹುಷಾರಿರಲಿಲ್ಲ.

ಮುಂದಿನದು ಸಾಯ್ರಾ ನನಗೆ ಹೇಳಿದ್ದು. ಎಸೆನ್ಕುಲ್ ಚಹಾದ ಬಟ್ಟಲು ಕೆಳಗಿಟ್ಟು, “ಅಮ್ಮ ಹೋಗ್ಬಿಟ್ಲು” ಎಂದನಂತೆ. ಹುಷಾರಿಲ್ಲ ಅಂತಷ್ಟೇ ಭಾವ ಹೇಳಿದರಲ್ಲ ಎಂದು ಅವಳು ಕೇಳಿದಳಂತೆ. “ಇನ್ನೇನಂತಾರೆ? ಅಪ್ಪ ಸತ್ತಾಗ್ಲೂ ಹಿಂಗೇ ಹೇಳಿ ಕರೆಸಿದ್ರು. ಹಾಡೂ ಹಾಕ್ಲಿಲ್ಲ. ಆ ದನಿ ಕೇಳಿಸ್ಕೊಂಡ್ಯಾ ನೀನು?” ಎಂದನಂತೆ. ಅವಳಿಗೂ ಸರಿ ಎನ್ನಿಸಿತಂತೆ. ದೂರದಲ್ಲಿರುವವರಿಗೆ ಸಾವನ್ನು ನೇರವಾಗಿ ತಿಳಿಸುವ ಪದ್ಧತಿ ನಮ್ಮಲ್ಲಿಲ್ಲ, ಇದು ತಮಗೂ ಗೊತ್ತಿದೆ. ಅಪ್ಪ ತೀರಿಕೊಂಡಾಗ ಹಾಗೆ ಹೇಳಿ ಕಳಿಸಿದವನೂ ನಾನೇ.

ಸೇತುವೆ ಬಳಸಿ ಬಂದರೆ 11 ಕಿ.ಮೀ. ಹೆಚ್ಚು. ಹಿಮ ಕರಗಿ ಹೊಳೆ ಏರುವುದರಿಂದ ಬೆಳಿಗ್ಗೆ 9ರ ನಂತರ ನಮ್ಮವರು ಯಾರೂ ಹಾಯುವುದಿಲ್ಲ. ತಾಯಿಯ ಮಣ್ಣಿಗೆ ತಡವಾದೀತೆಂದು ಅವನು 2.30ರ ಸುಮಾರಿಗೆ ಕುದುರೆಯನ್ನು ನೀರಿಗಿಳಿಸಿದ್ದನ್ನು ಎದುರು ದಡದ ಕುರಿಗಾಹಿ ನೋಡಿದ್ದಾನೆ. ಕೂಗಿದನಂತೆ, ಕೇಳಿಸಿಲ್ಲ.

3.50ಕ್ಕೆ ಕುದುರೆಯೊಂದೇ ನಮ್ಮ ಅಂಗಳಕ್ಕೆ ಬಂತು. ಜೀನು ಒದ್ದೆಯಾಗಿತ್ತು. ತಾಯಿ ಎದ್ದು ಕೂತು ಸಾರು ಕುಡಿಯುತ್ತಿದ್ದರು. “ಎಸೆನ್ ಕುದುರೆ ಕೆನೆದಂಗಾಯ್ತಲ್ಲೋ, ಬಂದ್ನಾ?” ಎಂದು ಕೇಳಿದರು. ನೋಡಿ ಬರುತ್ತೇನೆ ಎಂದೆ.

ಮರುದಿನ 11 ಗಂಟೆಗೆ ಹೊಳೆಯಲ್ಲಿ 6 ಕಿ.ಮೀ. ಕೆಳಗೆ ಶವ ಸಿಕ್ಕಿತು. ಹೆತ್ತವರನ್ನು ಕಳೆದುಕೊಂಡ ಮಗ ಕಟ್ಟುವಂತೆ, ಕೋಟಿನ ಮೇಲೆ ಸೊಂಟಪಟ್ಟಿ ಬಿಗಿದಿದ್ದನು. ಬಿಚ್ಚಲು ಹೋದೆ, ನೆಂದ ಗಂಟು ಬಿಚ್ಚಿಕೊಳ್ಳಲಿಲ್ಲ.

ತಾಯಿ ಬದುಕಿದ್ದಾರೆಂದು ಒಂದು ಮಾತು ಏಕೆ ಸೇರಿಸಲಿಲ್ಲ ಎಂದು ಅಧಿಕಾರಿಗಳು ಕೇಳಿದರು. ಬದುಕಿರುವವರ ಬಗ್ಗೆ ಹಾಗೆ ಹೇಳಬೇಕೆಂದು ನನಗೆ ತೋಚಲಿಲ್ಲ. ಯಂತ್ರವನ್ನು ಒಪ್ಪಿಸಿದ್ದೇನೆ. ವಾಪಸ್ ಬೇಡ.

ನಿನ್ನೆ ಸಂಜೆ 5 ಗಂಟೆಗೆ ಊರ ಹಿರಿಯರು ತಾಯಿಯ ಮುಂದೆ ಬಂದು ಕೂತರು. ಹೇಳುವುದು ನನ್ನ ಪಾಲಿಗೆ ಬಂತು. “ಅಮ್ಮಾ, ಎಸೆನ್‌ಗೆ ಸ್ವಲ್ಪ ಹುಷಾರಿಲ್ಲ” ಎಂದೆ. ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ. ಅವರು ತಲೆವಸ್ತ್ರ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, “ಮಣ್ಣು ಯಾವಾಗ?” ಎಂದು ಕೇಳಿದರು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ಮಣ್ಣು ಇಂದು 2 ಗಂಟೆಗೆ ಇರುವುದರಿಂದ ನನ್ನನ್ನು ಬೇಗ ಬಿಡಬೇಕಾಗಿ ಕೋರುತ್ತೇನೆ.

ಸ್ಥಳ: ಕೊಕ್-ಜಾರ್
ದಿನಾಂಕ: 16-8-1979, ಬೆಳಿಗ್ಗೆ 10.20
ಸಹಿ: ಜು. ತೊಲೊಬಾಯೆವ್